ಕೇಳದೆ ಬರೆದ ಮುಖ

ಹೋದ ವಾರ ನನ್ನ ಹಳೇ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಡ್ರಾಯಿಂಗ್ ಟೀಚರ್ ಕೆಲಸಕ್ಕೆ ಆರ್ಡರ್ ಬಂದಿದೆಯಂತೆ. "ಸಾರ್, ಇಷ್ಟ್ ವರ್ಷ ಮಾಡಿದ್ದೀರಿ, ನಂಗೇನಾದ್ರೂ ಹೇಳ್ರಿ" ಅಂದಳು. ಬಾಯಿಗೆ ಬಂದದ್ದು ಹೇಳಿದೆ: ಮಕ್ಕಳ ಪೆನ್ಸಿಲ್ ಮೊನೆ ನೋಡು, ಲೆಕ್ಕದ ಮೇಷ್ಟ್ರು ನಿನ್ನ ಪೀರಿಯಡ್ ಕೇಳಿದರೆ ಬಿಟ್ಟುಕೊಡಬೇಡ. ಫೋನ್ ಇಟ್ಟ ಮೇಲೆ ನನಗೇ ನಾಚಿಕೆಯಾಯಿತು. ನಾನು ಈ ಕೆಲಸದಲ್ಲಿ ಕಲಿತದ್ದು ಪೆನ್ಸಿಲ್ ಮೊನೆಯಲ್ಲ. ಕಲಿತದ್ದನ್ನು ಹೇಳಬೇಕೆಂದರೆ ನನ್ನ ಮಾನ ಹೋಗುತ್ತದೆ. ನಿವೃತ್ತಿಯಾದವನಿಗೆ ಮಾನ ಇಟ್ಟುಕೊಂಡು ಆಗಬೇಕಾದ್ದೇನೂ ಇಲ್ಲವಲ್ಲ ಎಂದು ಬರೆಯಲು ಕೂತೆ.

ಬಡ್ತಿಯ ವಿಷಯ ಬರೆಯುವುದಿಲ್ಲ. ಬರೆಯಲು ಏನೂ ಇಲ್ಲ. ಆಂಧ್ರದ ಗಡಿಯ ಕಲ್ಯಾಣದುರ್ಗದ ಮಿಷನ್ ಶಾಲೆಗೆ ಡ್ರಾಯಿಂಗ್ ಮೇಷ್ಟ್ರಾಗಿ ಸೇರಿದೆ, ಡ್ರಾಯಿಂಗ್ ಮೇಷ್ಟ್ರಾಗಿಯೇ ಹೊರಗೆ ಬಂದೆ. ನಡುವೆ ಒಮ್ಮೆ ಕೈಯಿಲ್ಲದ ಕುರ್ಚಿ ತೆಗೆದು ಕೈಯಿರುವ ಕುರ್ಚಿ ಕೊಟ್ಟರು.

ನಮ್ಮದು ಹಿಂದೂಪುರದ ನೇಕಾರರ ಮನೆ. ನಾನು ಮಗ್ಗದ ಹತ್ತಿರ ಹೋದರೆ ಎಳೆ ಕಡಿಯುತ್ತಿತ್ತು. ಅಪ್ಪ ಬೈಯುವವರಲ್ಲ. "ಚೌಡಪ್ಪಾ, ನೀನು ಮಗ್ಗದ್ ತಾವ ಬರದೇ ಇದ್ರೆ ಅದೇ ನಂಗೆ ದೊಡ್ಡ ಸಹಾಯ ಕಣಪ್ಪ" ಎನ್ನುತ್ತಿದ್ದರು. ಸೀರೆಯ ಅಂಚಿಗೆ ಡಿಸೈನ್ ಬರೆಯಲು ಚೌಕುಳಿ ಕಾಗದದ ಮುಂದೆ ಕೂರಿಸಿದರು. ನಾನು ನವಿಲು ಬರೆದೆ. ಸೀರೆ ಕೊಳ್ಳಲು ಬಂದ ವ್ಯಾಪಾರಿ ಅದನ್ನು ಕೈಯಲ್ಲಿ ಹಿಡಿದು, "ಕೋಳಿ ಸೀರೆ ಯಾರ್ ಉಟ್ಕೊಂತಾರೆ ಸ್ವಾಮಿ?" ಎಂದು ಕೇಳಿದ. ಅಪ್ಪ ಆ ವಾರವೇ ನನ್ನನ್ನು ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿಸಿದರು. ಸೀರೆ ಕೆಡಿಸುವ ಕೈ ಕಾಗದ ಕೆಡಿಸಿದರೆ ನಷ್ಟ ಕಡಿಮೆ ಎಂದು ಅವರ ಎಣಿಕೆ ಇದ್ದಿರಬೇಕು.

ಶಾಲೆಗೆ ಸೇರಿದ ಎರಡನೇ ವರ್ಷ ಮೊದಲ ದೊಡ್ಡ ಎಡವಟ್ಟು ಮಾಡಿದೆ. ಶಾಲೆಯ ಪಕ್ಕದಲ್ಲೇ ಚರ್ಚು. ಒಳಗಿನ ಗೋಡೆಗಳ ಮೇಲೆ ಶಿಲುಬೆ ಹಾದಿಯ ಹದಿನಾಲ್ಕು ಚಿತ್ರಗಳಿದ್ದವು. ಏಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗೆ. ಬಣ್ಣ ಸುಲಿದಿತ್ತು. ನಾನು ಎಲ್ಲವನ್ನೂ ಇಳಿಸಿಕೊಂಡು, ಬಣ್ಣ ತುಂಬಿ, ಹಿಂದೆ ರೋಮನ್ ಅಂಕಿ ಬರೆದು, ಅಂಕಿ ನೋಡಿಕೊಂಡು ಮತ್ತೆ ನೇತುಹಾಕಿದೆ. ಒಂಬತ್ತಕ್ಕೂ ಹನ್ನೊಂದಕ್ಕೂ ನನಗೆ ವ್ಯತ್ಯಾಸ ತಿಳಿಯಲಿಲ್ಲ. ಹೀಗಾಗಿ ನಮ್ಮೂರ ಚರ್ಚಿನಲ್ಲಿ ಏಸುವನ್ನು ಮೊದಲು ಶಿಲುಬೆಗೆ ಮೊಳೆ ಹೊಡೆದು ಜಡಿದರು, ಆಮೇಲೆ ಆತ ಶಿಲುಬೆ ಹೊತ್ತು ಮೂರನೇ ಸಲ ಮುಗ್ಗರಿಸಿ ಬಿದ್ದ. ಜನ ತಲೆ ತಗ್ಗಿಸಿ ಪ್ರಾರ್ಥನೆ ಮಾಡುವವರಾದ್ದರಿಂದ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಐದು ಶುಕ್ರವಾರ ಯಾರಿಗೂ ಗೊತ್ತಾಗಲಿಲ್ಲ. ಆರನೆಯ ಶುಕ್ರವಾರ ರಾಯಪ್ಪನವರು ತಲೆ ಎತ್ತಿದರು.

ರಾಯಪ್ಪನವರು ಆಗ ಬಸ್ ಡಿಪೋದಲ್ಲಿದ್ದರು, ಮುಂದೆ ಚರ್ಚಿನ ಸಮಿತಿಗೆ ಅಧ್ಯಕ್ಷರೂ ಆದರು. ಬಸ್ಸು ಸರದಿ ತಪ್ಪಿ ಬಂದರೆ ಹೇಗೆ ಸಿಡುಕುತ್ತಿದ್ದರೋ ಹಾಗೇ ನನ್ನ ಹತ್ತಿರ ಬಂದರು. "ಏನ್ ಮೇಷ್ಟ್ರೇ, ಮೊಳೆ ಹೊಡೆಸ್ಕೊಂಡೋನು ಎದ್ ಬಂದು ಮತ್ತೆ ಹೆಂಗ್ ಬೀಳ್ತಾನೆ? ನಿಮ್ ದೇವ್ರುಗಳ ವಿಷ್ಯದಾಗೂ ಹಿಂಗೇ ಮಾಡ್ತೀರಾ?" ಎಂದರು. ನಮ್ಮ ದೇವರುಗಳ ವಿಷಯದಲ್ಲಿ ನವಿಲು ಕೋಳಿಯಾಗಿತ್ತು ಎಂದು ಹೇಳಲು ಧೈರ್ಯ ಬರಲಿಲ್ಲ. ಏಣಿ ಹತ್ತಿ ಬದಲಾಯಿಸಿದೆ. ಅಂದಿನಿಂದ ಅವರು ನಾನು ಬರೆದದ್ದನ್ನೆಲ್ಲ ಒಂದು ಸಲ ಪರೀಕ್ಷೆ ಮಾಡಿಯೇ ಮಾಡುತ್ತಿದ್ದರು.

ಮುಂದಿನ ಇಪ್ಪತ್ತು ವರ್ಷ ಮಾವಿನಕಾಯಿ, ಮಡಕೆ, ಬೆಟ್ಟದ ನಡುವಿನ ಸೂರ್ಯ. ಮೊದಲು ಚೌಕ ಎಳೆದು ಚಿತ್ರ ಹಿಗ್ಗಿಸುತ್ತಿದ್ದೆವು. ಅಪ್ಪನ ಮಗ್ಗದ ಕಾಗದದ ಲೆಕ್ಕವೇ ಅದು. ಊರಿನಲ್ಲಿ ಬೋರ್ಡು, ಬ್ಯಾನರು ಬೇಕಾದವರೆಲ್ಲ ನನ್ನ ಹತ್ತಿರ ಬರುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಅಕ್ಷರ ತಪ್ಪಿದ್ದರೂ ಹೊಳೆಯುತ್ತಿತ್ತು, ಜನಕ್ಕೆ ಅದೇ ಹಿಡಿಸಿತು. ಕೊನೆಕೊನೆಗೆ ಮಕ್ಕಳು ಫೋನಿನ ಗಾಜಿನ ಮೇಲೆ ಕಾಗದ ಇಟ್ಟು ಗೆರೆ ತೆಗೆದುಕೊಂಡು ಬರುತ್ತಿದ್ದರು. ಬೈಯಲು ಬಾಯಿ ಬರುತ್ತಿರಲಿಲ್ಲ. ನಾನೂ ಅಷ್ಟು ವರ್ಷ ಕ್ಯಾಲೆಂಡರ್ ನೋಡಿ ನಕಲು ಮಾಡಿದವನೇ ತಾನೆ.

ಇನ್ನು ಹೇಳಬೇಕಾದ ವಿಷಯ. ನಿವೃತ್ತಿಗೆ ಕೆಲವು ವರ್ಷ ಇರುವಾಗ ಚರ್ಚಿನ ಪಕ್ಕ ಹೊಸ ಹಾಲ್ ಕಟ್ಟಿದರು. ಆಗಿನ ಪಾದ್ರಿ ಫಾದರ್ ಜೋಜಪ್ಪ, ಶಾಲೆಗೂ ಅವರೇ ಮುಖ್ಯಸ್ಥರು. ಕರಾವಳಿ ಆಂಧ್ರದಿಂದ ಬಂದವರು, ನಮ್ಮ ಕನ್ನಡವನ್ನು ತೆಲುಗಿನ ಮೇಲೆ ಹೊಲಿದುಕೊಂಡು ಮಾತಾಡುತ್ತಿದ್ದರು, ಮೇಷ್ಟ್ರೇ ಎನ್ನಲು ಅಯ್ಯವಾರೂ ಎನ್ನುತ್ತಿದ್ದರು. ಒಂದು ದಿನ ನನ್ನನ್ನು ಹಾಲಿಗೆ ಕರೆದುಕೊಂಡು ಹೋಗಿ, "ಅಯ್ಯವಾರೂ, ಈ ಗೋಡೆ ಖಾಲಿಗಾ ಉಂದಿ. ಏಸು ಹುಟ್ಟಿದ್ ಚಿತ್ರ ಬರೀರಿ. ಕ್ಯಾಲೆಂಡರ್ ವದ್ದು, ಬ್ಯಾಡ. ನಿಮ್ ಇಷ್ಟ ಬಂದಂಗೆ ಬರೀರಿ" ಎಂದರು.

ನನ್ನ ಇಷ್ಟ ಬಂದಂತೆ ಬರೆಯಿರಿ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ನನಗೆ ಇಷ್ಟ ಎಂಬುದು ಇದೆಯೋ ಇಲ್ಲವೋ ಅದೂ ಗೊತ್ತಿರಲಿಲ್ಲ. ಎರಡು ವಾರ ಗೋಡೆ ನೋಡುತ್ತ ಕೂತೆ. ಆಮೇಲೆ ಒಂದೇ ಸಮನೆ ಬರೆದೆ. ದನದ ಕೊಟ್ಟಿಗೆಯಲ್ಲಿ ಹುಲ್ಲಿನ ಬದಲು ಕಡಲೆಕಾಯಿ ಬಳ್ಳಿಯ ರಾಶಿ. ಕಂಬದೂರಿನ ಕುರಿಗಾಹಿಗಳು ಕಂಬಳಿ ಹೊದ್ದು ನಿಂತಿದ್ದರು. ಹಿಂದಿನ ಗುಡ್ಡದ ಮೇಲೆ ನಮ್ಮ ಕಡೆಯ ಗಾಳಿಯಂತ್ರಗಳನ್ನೂ ಹಾಕಿಬಿಟ್ಟಿದ್ದೆ. ಫಾದರ್ ನೋಡಿ, "ಬೆತ್ಲೆಹೇಮಿಗೆ ಆಗಲೇ ಕರೆಂಟ್ ಬಂದಿತ್ತಾ?" ಎಂದು ಕೇಳಿದ ಮೇಲೆ ಅಳಿಸಿದೆ.

ಏಸುವಿನ ತಾಯಿ ಮರಿಯಮ್ಮನ ಮುಖ ಮಾತ್ರ ಬರಲೇ ಇಲ್ಲ. ಏನು ಮಾಡಿದರೂ ಕ್ಯಾಲೆಂಡರಿನ ಮುಖವೇ ಬರುತ್ತಿತ್ತು. ಒಂದು ಮಧ್ಯಾಹ್ನ ಶಾಲೆಯ ಆಯಾ ಲೂರ್ದಮ್ಮ ನನಗೆ ನೀರು ತಂದಿಟ್ಟು, ಎದುರಿನ ಕಂಬಕ್ಕೆ ಒರಗಿ ಕೂತು ಸೆರಗಿನಲ್ಲಿ ಬೆವರು ಒರೆಸಿಕೊಂಡಳು. ಬೆಳುಗುಪ್ಪ ಕಡೆಯವಳು, ನಲವತ್ತರ ಆಸುಪಾಸು. ಕಣ್ಣು ಅರೆ ಮುಚ್ಚಿತ್ತು. ದಣಿದಿದ್ದಳು, ಆದರೆ ಸೋತಿರಲಿಲ್ಲ. ಹಾಜರಿ ಹಾಳೆಯ ಹಿಂಬದಿಯಲ್ಲಿ ನಾಲ್ಕು ಗೆರೆ ಎಳೆದುಕೊಂಡೆ. ಅವಳು ನೋಡಲಿಲ್ಲ, ನಾನು ಹೇಳಲಿಲ್ಲ. ಮರುದಿನ ಆ ಮುಖ ಗೋಡೆಯ ಮೇಲೆ ಬಂತು. ನನ್ನ ಜೀವಮಾನದಲ್ಲಿ ನಾನು ಬರೆದ ಒಂದೇ ಒಂದು ಜೀವಂತ ಮುಖ ಅದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಉಳಿದವನ್ನು ನೋಡಿದವರಿಗೆ ಗೊತ್ತು.

ಭಾನುವಾರ ಪೂಜೆ ಮುಗಿದ ಮೇಲೆ ಎಲ್ಲರನ್ನೂ ಹಾಲಿಗೆ ಕರೆದು ಫಾದರ್ ಚಿತ್ರದ ಪರದೆ ಸರಿಸಿದರು. ಒಂದು ಕ್ಷಣ ಎಲ್ಲರೂ ಸುಮ್ಮನಿದ್ದರು. ಆಹಾ, ಕಲೆಯ ಮುಂದೆ ಜನ ಮೂಕರಾದರು ಎಂದುಕೊಂಡೆ. ಅಷ್ಟರಲ್ಲಿ ಮೂರನೇ ತರಗತಿಯ ಹೆಣ್ಣುಮಕ್ಕಳು ಒಟ್ಟಿಗೆ ಕೂಗಿದವು: "ಅಯ್! ಲೂರ್ದಮ್ಮಕ್ಕ!"

ಲೂರ್ದಮ್ಮನ ವಿಷಯ ಊರಿಗೆಲ್ಲ ಗೊತ್ತಿತ್ತು. ಗಂಡ ಬಿಟ್ಟುಹೋಗಿದ್ದ. ಅವಳು ತಿಪ್ಪೇಶಿ ಎಂಬ ಆಟೋದವನ ಮನೆಯಲ್ಲಿದ್ದಳು. ಆತ ಕ್ರೈಸ್ತನಲ್ಲ, ಇಬ್ಬರಿಗೂ ಮದುವೆಯಾಗಿರಲಿಲ್ಲ. ಹಾಗಾಗಿ ಚರ್ಚಿನಲ್ಲಿ ಅವಳಿಗೆ ಪ್ರಸಾದ ಕೊಡುತ್ತಿರಲಿಲ್ಲ. ಪ್ರತಿ ಭಾನುವಾರ ಬಂದು ಬಾಗಿಲ ಹತ್ತಿರ ಕೂತು, ಎಲ್ಲರೂ ಪ್ರಸಾದಕ್ಕೆ ಎದ್ದಾಗ ತಲೆ ತಗ್ಗಿಸಿ ಕೂತೇ ಇರುತ್ತಿದ್ದಳು. ಅಂಥವಳು ಈಗ ದೇವಮಾತೆಯಾಗಿ ಗೋಡೆಯ ಮೇಲಿದ್ದಳು.

ರಾಯಪ್ಪನವರು ನೇರವಾಗಿ ನನ್ನ ಮುಂದೆ ಬಂದು ನಿಂತರು. "ಮೇಷ್ಟ್ರೇ, ಇದು ಬೇಕಂತ ಮಾಡಿದ್ದಾ, ಗೊತ್ತಿಲ್ದೆ ಆಗಿದ್ದಾ?"

ಗೊತ್ತಿಲ್ಲದೆ ಆದದ್ದು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಎಲ್ಲಿಂದ ಬಂತೋ ಪೌರುಷ, "ಕಲಾವಿದನಿಗೆ ಸ್ವಾತಂತ್ರ್ಯ ಇರ್ತದೆ" ಎಂದುಬಿಟ್ಟೆ.

ಸಂಜೆಯೊಳಗೆ ಚಿತ್ರ ಎಲ್ಲರ ಫೋನಿನಲ್ಲಿತ್ತು. ಮರುದಿನ ಒಬ್ಬ ವರದಿಗಾರ ಬಂದ. ಅವನ ಮುಂದೆ ಕಲೆ, ಧರ್ಮ, ಸತ್ಯ ಎಂದು ಮುಕ್ಕಾಲು ಗಂಟೆ ಮಾತಾಡಿದೆ. ಜಿಲ್ಲಾ ಪುಟದಲ್ಲಿ ನನ್ನ ಫೋಟೋ ಬಂತು, ಕೈಯಲ್ಲಿ ಬ್ರಷ್ಷು, ದೃಷ್ಟಿ ದೂರದಲ್ಲಿ. ಆರು ಪ್ರತಿ ಕೊಂಡೆ. ನೋಡುನೋಡುತ್ತಲೇ ನನಗೆ ಪರಿಚಯವೇ ಇಲ್ಲದ ಜನ ಸೇರಿಕೊಂಡರು. ಹಿಂದೂ ಮೇಷ್ಟ್ರು ಕ್ರೈಸ್ತರ ದೇವಮಾತೆಗೆ ಅವಮಾನ ಮಾಡಿದ ಎಂದು ಒಂದು ಗುಂಪು, ಪಾದ್ರಿಗಳು ಹಿಂದೂ ಕಲಾವಿದನಿಗೆ ಕಿರುಕುಳ ಕೊಡುತ್ತಿದ್ದಾರೆ ಎಂದು ಇನ್ನೊಂದು ಗುಂಪು. ಎರಡು ಗುಂಪಿನಲ್ಲೂ ಗೋಡೆಯ ಮುಂದೆ ನಿಂತು ಚಿತ್ರ ನೋಡಿದವರು ಒಬ್ಬರೂ ಇರಲಿಲ್ಲ. ಸ್ಟೇಷನ್ನಿನಿಂದ ಎಸ್‌ಐ ಬಂದು ಹಾಲಿಗೆ ಬೀಗ ಹಾಕಿಸಿ, ಕೀಲಿಕೈಯನ್ನು ರಾಯಪ್ಪನವರ ಕೈಗೆ ಕೊಟ್ಟುಹೋದರು. ನಾನು ಇದನ್ನೆಲ್ಲ ಒಳಗೊಳಗೇ ಖುಷಿಯಿಂದ ಅನುಭವಿಸಿದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ. ಶಾಲೆಗೆ ಹೋಗುವಾಗ ಜುಬ್ಬಾ ಹಾಕಿಕೊಳ್ಳಲು ಶುರು ಮಾಡಿದ್ದೆ.

ಗುರುವಾರ ಮಧ್ಯಾಹ್ನ ಚರ್ಚಿನ ಸಮಿತಿಯ ಸಭೆ ಕರೆದರು. ನಾನು ನಾಲ್ಕು ಪುಟದ ಭಾಷಣ ಬರೆದುಕೊಂಡು ಹೋದೆ. ಮೊದಲ ಪುಟ ಓದಿ ಮುಗಿಸುವ ಮುಂಚೆಯೇ ರಾಯಪ್ಪನವರು ಕೈ ಎತ್ತಿದರು. ನನ್ನ ಮೇಲೆ ಕೂಗಾಡುತ್ತಾರೆಂದು ಕಾದಿದ್ದೆ. ಅವರು ಕೂಗಲಿಲ್ಲ.

"ಈ ಊರಾಗೆ ನಾವ್ ಎಷ್ಟ್ ಮನೆ ಇದ್ದೀವಿ ಮೇಷ್ಟ್ರೇ? ಕೈಬೆರಳಾಗ್ ಎಣಿಸ್ಬೋದು. ನಾವ್ ಮರ್ಯಾದಸ್ತ್ರು ಅಂತ ನಾಕ್ ಜನ ಅನ್ಲಿ ಅಂತ ಹುಟ್ಟಿದ್ ದಿನದಿಂದ ಒದ್ದಾಡ್ತೀವಿ. ಒಗೆದ್ ಬಟ್ಟೆ ಹಾಕ್ಕೊಂತೀವಿ, ಮೆಲ್ಲಗ್ ಮಾತಾಡ್ತೀವಿ. ಇವತ್ತು ಟೀ ಅಂಗಡಿ ತಾವ ನಿಂತ್ಕೊಂಡ್ರೆ 'ಏನ್ ರಾಯಪ್ಪಾ, ನಿಮ್ ದೇವ್ರು ಆಟೋ ತಿಪ್ಪೇಶಿ ಮನ್ಯಾಗ್ ಅವಳಂತೆ' ಅಂತಾರೆ. ನಿಮ್ಗೆ ಸ್ವಾತಂತ್ರ್ಯ. ನಮ್ಗೇನು?"

ಭಾಷಣದಲ್ಲಿ ಉತ್ತರ ಹುಡುಕುವವನಂತೆ ನಾಲ್ಕೂ ಪುಟ ತಿರುಗಿಸಿದೆ.

ಆಗ ಫಾದರ್ ಮೆಲ್ಲಗೆ ಕೇಳಿದರು: "ಲೂರ್ದಮ್ಮ ಎಕ್ಕಡ? ಸೋಮವಾರದಿಂದ ಕೆಲಸಕ್ಕೆ ಬಂದಿಲ್ಲ. ಮೀಕು ತೆಲುಸಾ ಅಯ್ಯವಾರೂ?"

ನನಗೆ ತಿಳಿದಿರಲಿಲ್ಲ. ನಾಲ್ಕು ದಿನದಿಂದ ಅವಳ ಮುಖಕ್ಕಾಗಿ ಹೋರಾಡುತ್ತಿದ್ದೆ, ಅವಳು ಕಾಣುತ್ತಿಲ್ಲ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ನೀರು ತಂದಿಡುವವರಿಲ್ಲದೆ ನಾನೇ ತುಂಬಿಸಿಕೊಂಡು ಕುಡಿಯುತ್ತಿದ್ದೆ. ಅದೂ ಯಾಕೆಂದು ಯೋಚಿಸಿರಲಿಲ್ಲ. ಸಭೆಯಲ್ಲಿದ್ದ ಒಬ್ಬರು ಹೇಳಿದರು: ತಿಪ್ಪೇಶಿ ಆಟೋ ಸ್ಟ್ಯಾಂಡಿಗೆ ಬಂದರೆ ಉಳಿದ ಆಟೋದವರು "ಏಸಪ್ಪನ ಅಪ್ಪ ಬಂದ, ದಾರಿ ಬಿಡ್ರಲಾ" ಎಂದು ಕೂಗುತ್ತಾರಂತೆ. ಅವನು ಒಬ್ಬನ ಕೊರಳಪಟ್ಟಿ ಹಿಡಿದನಂತೆ. ಈಗ ಸ್ಟ್ಯಾಂಡಿಗೇ ಬರುತ್ತಿಲ್ಲವಂತೆ.

ಭಾಷಣವನ್ನು ಮಡಿಸಿ ಜುಬ್ಬಾದ ಜೇಬಿನಲ್ಲಿಟ್ಟುಕೊಂಡು ಅವಳ ಮನೆ ಹುಡುಕಿಕೊಂಡು ಹೋದೆ. ಲೂರ್ದಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಏಳಲಿಲ್ಲ. ಒಂದು ಚಾಪೆಯನ್ನು ಮಾತ್ರ ನನ್ನ ಕಡೆ ತಳ್ಳಿದಳು.

"ತಪ್ಪಾಯ್ತು ಕಣಮ್ಮ" ಎಂದೆ.

"ಯಾವ್ದು ಸಾರ್?"

ಅವಳೇ ಮುಂದುವರಿಸಿದಳು. "ಪೇಪರ್‌ನಾಗೆ ನಿಮ್ ಫೋಟೋ ಬಂತು. ನಿಮ್ನ ಕೇಳಿ ತೆಗ್ದವ್ರೆ. ಗ್ವಾಡೆ ಮ್ಯಾಲೆ ನನ್ ಮುಖ ಬಂತು. ನನ್ನ ಯಾರ್ ಕೇಳಿದ್ರು? ನಾನ್ ಕಡೇ ಸಾಲಾಗ್ ಕೂತ್ಕೊಳ್ಳೋಳು ಸಾರ್. ಯಾರೂ ತಿರುಗಿ ನೋಡ್‌ಬಾರ್ದು ಅಂತ್ಲೇ ಅಲ್ಲಿ ಕೂತ್ಕೊಳ್ಳೋದು. ನೀವು ಎತ್ತಿ ಎಲ್ರ ಮುಂದೆ ನಿಲ್ಲಿಸ್ಬುಟ್ರಿ."

"ನಾಳೆನೇ ಅಳಿಸ್ಬಿಡ್ತೀನಿ."

ಅವಳು ಮೊರವನ್ನು ಕೆಳಗಿಟ್ಟಳು. "ನೋಡಿದ್ರಾ? ಅದನ್ನೂ ನೀವೇ ಹೇಳ್ತೀರಿ. ನಾನಿನ್ನೂ ನೋಡೇ ಇಲ್ಲ. ಆ ಭಾನುವಾರ ಮಕ್ಳು ಕೂಗ್ದಂಗೇ ಎದ್ ಬಂದ್ಬುಟ್ಟೆ. ಯಾರೋ ಫೋನಾಗ್ ತೋರ್ಸಿ ನಕ್ಕಿದ್ದಷ್ಟೇ ಕಂಡೀನಿ. ಮದ್ಲು ನೋಡ್ತೀನಿ. ಆಮ್ಯಾಕೆ ಹೇಳ್ತೀನಿ."

ಮರುದಿನ ಮಧ್ಯಾಹ್ನ ನಾನು, ಲೂರ್ದಮ್ಮ, ರಾಯಪ್ಪನವರು ಮೂವರೂ ಹಾಲಿನ ಮುಂದೆ ಸೇರಿದೆವು. ಕೀಲಿಕೈ ರಾಯಪ್ಪನವರ ಹತ್ತಿರವಿದ್ದುದರಿಂದ ಅವರು ಬರಲೇಬೇಕಾಯಿತು. ಬಾಗಿಲು ತೆಗೆದು, ಅವಳ ಕಡೆ ನೋಡದೆ ಪಕ್ಕಕ್ಕೆ ನಿಂತರು. ಲೂರ್ದಮ್ಮ ಚಪ್ಪಲಿ ಬಿಟ್ಟು ಒಳಗೆ ಹೋಗಿ ಚಿತ್ರದ ಮುಂದೆ ನಿಂತಳು. ಎಷ್ಟು ಹೊತ್ತು ನಿಂತಿದ್ದಳೆಂದರೆ ರಾಯಪ್ಪನವರು ಕುರ್ಚಿ ಎಳೆದುಕೊಂಡು ಕೂತರು. ನಾನು ಶಿಕ್ಷೆ ಕೇಳಲು ನಿಂತವನ ಹಾಗೆ ಗೋಡೆಗೆ ಒರಗಿದ್ದೆ.

"ಸಾರ್" ಎಂದಳು ಕೊನೆಗೆ. "ಕೂಸಿನ್ ಕತ್ತು ಹಿಂಗ್ ಬಿಡ್ತಾರಾ?"

"ಏನಮ್ಮ?"

"ಇವತ್ ಹುಟ್ಟಿದ್ ಕೂಸು ಅಲ್ವಾ ಇದು? ಬೆನ್ನ ಕೆಳಗ್ ಮಾತ್ರ ಕೈ ಇಟ್ಟೀರಿ. ತಲೆ ಹಿಂದಕ್ ಬಿದ್ದೋಯ್ತದೆ. ಕತ್ತು ಮುರ್‌ಕೊಂಡ್ ಸಾಯ್ತದೆ ಸಾರ್."

ನಾನು ಚಿತ್ರ ನೋಡಿದೆ. ರಾಯಪ್ಪನವರು ಎದ್ದು ಹತ್ತಿರ ಬಂದು ಕನ್ನಡಕ ಸರಿಮಾಡಿಕೊಂಡು ನೋಡಿದರು. ಐದು ಮಕ್ಕಳ ತಂದೆ ಅವರು. "ಅವ್ನೌನ್, ಹೌದಲ್ಲ!" ಎಂದರು. ಚರ್ಚಿಗೆ ಸೇರಿದ ಹಾಲಿನಲ್ಲಿ ಆಡಿದ ಮಾತಿಗೆ ತಾವೇ ಬೆಚ್ಚಿ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. ಇಡೀ ಊರು ಒಂದು ವಾರ ಈ ಚಿತ್ರದ ಬಗ್ಗೆ ಜಗಳವಾಡಿತ್ತು. ಅದರಲ್ಲಿ ಮಗುವೊಂದಿದೆ ಎಂಬುದನ್ನು ನಾವು ಯಾರೂ ನೋಡಿರಲಿಲ್ಲ.

ಲೂರ್ದಮ್ಮ ನನ್ನ ಕೈಯಲ್ಲಿದ್ದ ಬಟ್ಟೆಚೀಲ ತೆಗೆದುಕೊಂಡು ಸುತ್ತಿ, ಎಡಗೈಯ ಮಡಿಕೆಯಲ್ಲಿ ಮಲಗಿಸಿ, ಬಲಗೈಯ ಬೆರಳುಗಳನ್ನು ಅಗಲಿಸಿ ತಲೆಯ ಕೆಳಗೆ ಇಟ್ಟು ತೋರಿಸಿದಳು. "ತಿಪ್ಪೇಶಿ ಹೆಂಡ್ತಿ ಹೆರಿಗ್ಯಾಗ್ ಸತ್ಲು. ಇಪ್ಪತ್ ದಿನದ್ ಕೂಸು. ಒಂದ್ ವಾರ ನೋಡ್ಕೊಂಡ್ ಬತ್ತೀನಿ ಅಂತ ಹೋದೆ. ಹಿಂಗ್ ಹಿಡ್ಕೊಂಡೆ. ಬಿಟ್ ಬರಾಕ್ ಆಗ್ಲಿಲ್ಲ. ಈಗ ಆ ಹುಡ್ಗಿ ಏಳ್ನೇ ಕ್ಲಾಸು."

ಅವಳು ಬಾಗಿಲ ಹತ್ತಿರ ಯಾಕೆ ಕೂರುತ್ತಾಳೆಂದು ಹತ್ತು ಹನ್ನೆರಡು ವರ್ಷದಿಂದ ರಾಯಪ್ಪನವರಿಗೆ ಗೊತ್ತಿತ್ತು. ಆ ಮನೆಗೆ ಯಾಕೆ ಹೋದಳೆಂದು ಯಾರೂ ಕೇಳಿರಲಿಲ್ಲ. ಕೇಳದವರ ಪಟ್ಟಿಯಲ್ಲಿ ನಾನೂ ಇದ್ದೆ. ಫಾದರ್ ಕೇಳಿದ್ದರೋ ಏನೋ ತಿಳಿಯದು.

"ಕೈ ಸರಿ ಮಾಡ್ತೀನಿ" ಎಂದೆ. "ಮುಖ?"

"ಮುಖ ಚೆನ್ನಾಗೈತೆ ಸಾರ್. ನಾನ್ ಹಿಂಗ್ ಅವ್ನಿ ಅಂತ ನಂಗೇ ಗೊತ್ತಿರ್ಲಿಲ್ಲ." ಬಟ್ಟೆಚೀಲವನ್ನು ಬಿಡಿಸಿ ನನ್ನ ಕೈಗೆ ಕೊಟ್ಟಳು. "ಆದ್ರೆ ನಂಗೆ ವಾಪಸ್ ಕೊಟ್ಬುಡ್ರಿ. ನಾನ್ ಬಜಾರಿಗ್ ಹೋಗ್‌ಬೇಕು, ಹುಡ್ಗೀನ ಸ್ಕೂಲಿಗ್ ಬಿಡ್‌ಬೇಕು. ಮರಿಯಮ್ಮನ ಮುಖ ಹೊತ್ಕೊಂಡ್ ಓಡಾಡಾಕ್ ಆಗಾಕಿಲ್ಲ. ಕೈ ಬೇಕಾದ್ರೆ ನಂದೇ ಬರ್ಕೊಳ್ರಿ. ಕೈ ನೋಡಿ ಯಾರೂ ಗುರ್ತು ಹಿಡ್ಯಾಕಿಲ್ಲ."

ಕೆಲಸದಲ್ಲಿ ನನಗೆ ಕಷ್ಟವೆನಿಸಿದ ದಿನ ಯಾವುದೆಂದು ಕೇಳಿದರೆ ಅದು ಮರುದಿನ. ಊರಿಗೆ ಊರೇ ಅಳಿಸು ಎಂದಿದ್ದರೆ ಅಳಿಸುತ್ತಿರಲಿಲ್ಲ, ಅಷ್ಟು ಗಾಳಿ ತುಂಬಿಕೊಂಡಿತ್ತು ನನಗೆ. ಅವಳು ಕೇಳಿದ ಮೇಲೆ ಇಲ್ಲವೆನ್ನಲು ನನ್ನ ಹತ್ತಿರ ಯಾವ ಹಕ್ಕೂ ಉಳಿದಿರಲಿಲ್ಲ. ಉಪ್ಪುಕಾಗದ ಹಿಡಿದು ಏಣಿ ಹತ್ತಿದೆ. ಕೆಳಗೆ ಏಣಿ ಹಿಡಿದು ನಿಂತಿದ್ದವರು ರಾಯಪ್ಪನವರು. ಹಣೆಯನ್ನು ಉಜ್ಜಲು ಶುರು ಮಾಡಿದಾಗ, "ಮೇಷ್ಟ್ರೇ, ಒಂದ್ನಿಮ್ಷ" ಎಂದರು. ಕೈ ನಿಲ್ಲಿಸಿದೆ. ತಲೆ ಎತ್ತಿ ನೋಡುತ್ತ ನಿಂತು, ಆಮೇಲೆ, "ಚೆನ್ನಾಗೇ ಇತ್ತು ಕಣ್ರೀ. ಹೂಂ, ಉಜ್ರಿ" ಎಂದು ಮುಖ ಆಚೆ ತಿರುಗಿಸಿಕೊಂಡರು.

ಹೊಸ ಮುಖ ಕ್ಯಾಲೆಂಡರಿನ ಮುಖವೇ ಆಯಿತು. ನನ್ನ ಕೈಗೆ ಮತ್ತೆ ಜೀವಂತ ಮುಖ ಬರಲಿಲ್ಲ. ಕೈಗಳನ್ನು ಬರೆಯಲು ಲೂರ್ದಮ್ಮ ಎರಡು ಮಧ್ಯಾಹ್ನ ಬಟ್ಟೆಚೀಲ ಹಿಡಿದು ಕೂತಳು. "ಬೆರಳು ಇನ್ನೂ ಅಗಲ ಸಾರ್", "ಉಗುರು ಅಷ್ಟ್ ಉದ್ದ ಬ್ಯಾಡ, ಕೂಸಿಗ್ ಗೀರ್‌ಬುಡ್ತದೆ" ಎಂದು ತಿದ್ದುತ್ತಲೇ ಇದ್ದಳು. ಅಷ್ಟು ವರ್ಷ ಮಕ್ಕಳನ್ನು ತಿದ್ದಿದ್ದ ನಾನು ಹೂಂ ಹೂಂ ಎಂದು ತಿದ್ದಿಕೊಂಡೆ. ಆ ವರದಿಗಾರ ಮತ್ತೆ ಫೋನ್ ಮಾಡಿ, ಒತ್ತಡಕ್ಕೆ ಮಣಿದಿರಾ ಎಂದು ಕೇಳಿದ. ಮಗುವಿನ ಕುತ್ತಿಗೆ ಸರಿಯಿರಲಿಲ್ಲ ಎಂದೆ. ಅವನು ಅದನ್ನು ಬರೆದುಕೊಳ್ಳಲಿಲ್ಲ. ಹೊರಗಿನ ಎರಡು ಗುಂಪುಗಳಿಗೂ ಬೇರೆ ಊರಿನಲ್ಲಿ ಬೇರೆ ಕೆಲಸ ಸಿಕ್ಕಿತು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಆಟೋ ಸ್ಟ್ಯಾಂಡಿನ ಆ ಕೂಗು ನಿಲ್ಲಲು ಆರು ತಿಂಗಳು ಹಿಡಿಯಿತು. ಲೂರ್ದಮ್ಮ ಕೆಲಸಕ್ಕೆ ಮರಳಿ ಬಂದಳು, ಆದರೆ ಕಡೇ ಸಾಲಿನಲ್ಲೇ ಕೂರುತ್ತಿದ್ದಳು. ಫಾದರ್ ಅವಳ ಹಳೇ ಮದುವೆಯನ್ನು ರದ್ದು ಮಾಡಿಸುವ ವಿಷಯವಾಗಿ ಮೇಲಿನವರಿಗೆ ಕಾಗದಗಳನ್ನು ಬರೆದರು, ಉತ್ತರ ಬರುವ ಮುಂಚೆಯೇ ಅವರಿಗೆ ವರ್ಗವಾಯಿತು.

ಆ ವರ್ಷದ ಕ್ರಿಸ್ಮಸ್‌ಗೆ ನನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗಿದ್ದೆ. ಹಾಲಿನಲ್ಲಿ ಕೇಕು ಹಂಚುತ್ತಿದ್ದರು. ಬಾಣಂತನ ಮುಗಿಸಿ ಬಂದಿದ್ದ ಒಬ್ಬ ಹುಡುಗಿ ತನ್ನ ಕೂಸನ್ನು ಎತ್ತಿಕೊಂಡು ಚಿತ್ರದ ಮುಂದೆ ನಿಂತಿದ್ದಳು. ಗೋಡೆಯನ್ನು ನೋಡಿ ತನ್ನ ಕೈಯನ್ನು ಕೂಸಿನ ತಲೆಯ ಕೆಳಗೆ ಸರಿಮಾಡಿಕೊಂಡಳು. ನನ್ನ ಹೆಂಡತಿಗೆ ಹೇಳಿದಳು: "ಎಷ್ಟ್ ಚೆನ್ನಾಗ್ ಹಿಡ್ಕೊಂಡವ್ಳೆ ನೋಡಮ್ಮ. ಬರ್ದೋರು ಮನ್ಯಾಗ್ ಮಕ್ಳುನ್ನ ಎತ್ತಿ ಆಡ್ಸಿದೋರೇ ಇರ್‌ಬೇಕು."

"ಇವ್ರಾ?" ಎಂದಳು ನನ್ನ ಹೆಂಡತಿ. "ನಮ್ವೆರಡ್ನೂ ನಡ್ಯಾಕ್ ಬರೋಗಂಟ ಮುಟ್ಟಿಲ್ಲ ಕಣಮ್ಮ. ಬೀಳ್ಸ್‌ಬುಡ್ತೀನಿ ಅಂತ ಹೆದ್ರಿಕೆ."

ಕೇಕಿನ ತಟ್ಟೆ ಹಿಡಿದು ಹತ್ತಿರವೇ ನಿಂತಿದ್ದ ಲೂರ್ದಮ್ಮನಿಗೆ ನಗು ತಡೆಯಲಾಗಲಿಲ್ಲ. ಎಲ್ಲರೂ ತಿರುಗಿ ಅವಳನ್ನು ನೋಡಿದರು. ಅವಳು ತಲೆ ತಗ್ಗಿಸಲಿಲ್ಲ, ನಗುತ್ತಲೇ ಇದ್ದಳು. ನನ್ನ ಹೆಂಡತಿ ತಟ್ಟೆ ಇಸಿದುಕೊಂಡಳು. ಆ ಹುಡುಗಿ ಕೂಸನ್ನು ಒಂದು ಕ್ಷಣ ಹಿಡಿದುಕೊಳ್ಳಿ ಎಂದು ಅವಳ ಕೈಗೆ ಕೊಟ್ಟು, ತಟ್ಟೆಯಿಂದ ಕೇಕು ತೆಗೆದುಕೊಂಡಳು.